ಬಟ್ಟೆ ಟಾಪಿನ ಕಾರಿಗೆ ಹೊಸ್ತಿಲೇ ಬೆನ್ನೆಲುಬು: ಹಳೆಯ ಮಸ್ಟಾಂಗ್ ಒಂದನ್ನು ಮನೆಯಲ್ಲೇ ಎತ್ತಿ ನಿಲ್ಲಿಸುವ ಕೆಲಸ

1965ರ ಫೋರ್ಡ್ ಮಸ್ಟಾಂಗ್ ಎರಡನ್ನು ಪಕ್ಕಪಕ್ಕ ನಿಲ್ಲಿಸಿ. ಒಂದಕ್ಕೆ ತಲೆ ಮೇಲೆ ಉಕ್ಕಿನ ತಗಡು. ಇನ್ನೊಂದಕ್ಕೆ ಬರೀ ಬಟ್ಟೆ, ಅದನ್ನೂ ಹಿಂದಕ್ಕೆ ಮಡಚಿಡಬಹುದು. ಇವೆರಡರಲ್ಲಿ ಯಾವುದು ಭಾರ? ತಗಡಿನದ್ದೇ ಇರಬೇಕು ಅನ್ನಿಸುತ್ತದೆ, ಅಲ್ವಾ? ತೂಗಿ ನೋಡಿದರೆ ಬಟ್ಟೆಯದ್ದೇ ಹತ್ತಿರ ಹತ್ತಿರ 90 ಕೆ.ಜಿ. ಜಾಸ್ತಿ. ಟಾಪ್ ಏರಿಸಿ ಇಳಿಸುವ ಚೌಕಟ್ಟು, ಪಂಪು ಒಂದಿಷ್ಟು ತೂಗುತ್ತವೆ, ನಿಜ. ಉಳಿದ ತೂಕ ಕಣ್ಣಿಗೆ ಬೀಳದ ಕಡೆ ಅಡಗಿದೆ: ಬಾಗಿಲ ಕೆಳಗೆ, ಸೀಟಿನ ಅಡಿಗೆ, ನೆಲದ ಮಗ್ಗುಲಿಗೆ. ಇಂಥ ಬಟ್ಟೆ ಟಾಪಿನ ಕಾರಿಗೆ ಕನ್ವರ್ಟಿಬಲ್ ಅನ್ನುತ್ತಾರೆ. ಹಳೆಯ ಕನ್ವರ್ಟಿಬಲ್ ಒಂದನ್ನು ಮನೆಯ ಗ್ಯಾರೇಜಿನಲ್ಲಿ ಸರಿಮಾಡಲು ಹೊರಟವರು ಮೊದಲು ತಿಳಿಯಬೇಕಾದ್ದು ಈ ಅಡಗಿದ ಉಕ್ಕಿನ ವಿಷಯ. ಇಂಜಿನ್ ಆಮೇಲಿನ ಮಾತು.

ನಾನಿರುವುದು ಅಮೆರಿಕದ ಡೆಟ್ರಾಯಿಟ್ ಪಕ್ಕದ ಒಂದು ಊರಿನಲ್ಲಿ. ಕಾರು ಕಂಪನಿಗಳ ಕೆಲಸಕ್ಕೆಂದು ಬಂದು ಇಲ್ಲೇ ನೆಲೆಸಿದ ಕನ್ನಡಿಗರು ಬಹಳ ಜನ ಇದ್ದಾರೆ. ಪ್ರತಿ ಆಗಸ್ಟ್‌ನಲ್ಲಿ ವುಡ್‌ವರ್ಡ್ ಅವೆನ್ಯೂ ಎಂಬ ರಸ್ತೆಯಲ್ಲಿ ಹಳೆಯ ಕಾರುಗಳ ಜಾತ್ರೆ ನಡೆಯುತ್ತದೆ. 1995ರಲ್ಲಿ ಮಕ್ಕಳ ಫುಟ್‌ಬಾಲ್ ಮೈದಾನಕ್ಕೆ ದುಡ್ಡು ಕೂಡಿಸಲು ಶುರುವಾದದ್ದು ಈಗ ಊರಿನ ತೇರೇ ಆಗಿಬಿಟ್ಟಿದೆ. ಜನ ರಸ್ತೆ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಾರೆ, ಕಾರುಗಳು ಮೆಲ್ಲಗೆ ಸಾಗುತ್ತವೆ. ಒಂದು ವರ್ಷ ಸುಮ್ನೆ ನೋಡಲು ಹೋಗಿದ್ದೆ. ಮುಂದಿನ ವರ್ಷದ ಹೊತ್ತಿಗೆ ನನ್ನ ಗ್ಯಾರೇಜಿನಲ್ಲೂ ಒಂದು ನಿಂತಿತ್ತು, ಓಡುವ ಸ್ಥಿತಿಯಲ್ಲಿ ಅಲ್ಲ.

ಆ ಕಾಲದ ಇಂಥ ಕಾರುಗಳನ್ನು ಮಸಲ್ ಕಾರು ಎಂದು ಕರೆಯುವುದುಂಟು, ಆ ಮಾತಿನ ಬಗ್ಗೆ ಒಂದೆರಡು ಸಾಲು. ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಕಾರಿನ ವಿ8, ಅಂದರೆ ಎಂಟು ಸಿಲಿಂಡರಿನ ಇಂಜಿನ್ ತುರುಕಿದರೆ ಅದು ಮಸಲ್ ಕಾರು. ಈ ಚಟ ಶುರುಮಾಡಿದ್ದು 1964ರ ಪಾಂಟಿಯಾಕ್ ಜಿಟಿಓ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಮಸ್ಟಾಂಗ್ ಅದಕ್ಕಿಂತ ಚಿಕ್ಕದು. ಕಟ್ಟಾ ಅಭಿಮಾನಿಗಳು ಅದನ್ನು ‘ಪೋನಿ ಕಾರು’ ಎಂದು ಬೇರೆ ಪಂಕ್ತಿಯಲ್ಲಿ ಕೂರಿಸುತ್ತಾರೆ. ಆ ಜಗಳ ಅವರಿಗೇ ಇರಲಿ. ಮನೆಯಲ್ಲಿ ಕೆಲಸ ಮಾಡುವವನಿಗೆ ಮಸ್ಟಾಂಗ್ ಒಳ್ಳೆಯ ಆಯ್ಕೆ. ಕಾರಣ ಒಂದೇ: ಬಿಡಿಭಾಗ. 1964ರ ಏಪ್ರಿಲ್‌ನಿಂದ 1966ರ ಮಾಡೆಲ್ ಮುಗಿಯುವವರೆಗೆ ಫೋರ್ಡ್ 12 ಲಕ್ಷಕ್ಕೂ ಹೆಚ್ಚು ಮಸ್ಟಾಂಗ್ ಮಾಡಿತು. ಅದರಲ್ಲಿ ಕನ್ವರ್ಟಿಬಲ್‌ಗಳೇ ಸುಮಾರು 1,74,000. ಹಾಗಾಗಿ ಬಾಗಿಲ ರಬ್ಬರಿನಿಂದ ಹಿಡಿದು ನೆಲದ ತಗಡಿನವರೆಗೆ ಎಲ್ಲವನ್ನೂ ಇಂದಿಗೂ ಹೊಸದಾಗಿ ಒತ್ತಿ ಮಾರುತ್ತಾರೆ. 2011ರಲ್ಲಿ ಫೋರ್ಡ್ ಒಪ್ಪಿಗೆಯೊಂದಿಗೆ ಕನ್ವರ್ಟಿಬಲ್‌ನ ಇಡೀ ಬಾಡಿಯೇ ಹೊಸದಾಗಿ ಮಾರಾಟಕ್ಕೆ ಬಂತು.

ಕೊಳ್ಳುವ ಮೊದಲು ಕಾರಿನ ಜಾತಕ ಓದಬೇಕು. ಡ್ರೈವರ್ ಕಡೆ ಬಾನೆಟ್ ಎತ್ತಿದರೆ ಒಳಮಗ್ಗುಲಿನ ತಗಡಿನ ಮೇಲೆ ನಂಬರ್ ಕೊರೆದಿರುತ್ತದೆ. ‘5ಎಫ್08ಸಿ’ ಎಂದು ಶುರುವಾದರೆ ಅರ್ಥ ಹೀಗೆ: 1965ರ ಮಾಡೆಲ್, ಡೆಟ್ರಾಯಿಟ್ ಪಕ್ಕದ ಡಿಯರ್‌ಬಾರ್ನ್ ಊರಿನ ಫೋರ್ಡ್ ಕಾರ್ಖಾನೆ, ಕನ್ವರ್ಟಿಬಲ್, 289 ಘನ ಇಂಚಿನ 200 ಕುದುರೆಶಕ್ತಿಯ ವಿ8. ಇಲ್ಲಿ 08 ಅನ್ನುವುದೇ ಮುಖ್ಯ. 07 ಇದ್ದರೆ ಅದು ಹುಟ್ಟುವಾಗ ತಗಡಿನ ಟಾಪಿನ ಕಾರು, ಯಾರೋ ತಲೆ ಕತ್ತರಿಸಿ ಕನ್ವರ್ಟಿಬಲ್ ಮಾಡಿದ್ದಾರೆ. ಅಂಥದ್ದನ್ನು ಬಿಟ್ಟಿ ಕೊಟ್ಟರೂ ಬೇಡ. ಮಸ್ಟಾಂಗ್‌ಗಳಲ್ಲಿ 100001ನೇ ಸೀರಿಯಲ್ ನಂಬರಿನ ಕಾರೂ ಕನ್ವರ್ಟಿಬಲ್ಲೇ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಪ್ರದರ್ಶನಕ್ಕೆಂದು ಇಟ್ಟಿದ್ದ ಆ ಕಾರನ್ನು ಸ್ಟ್ಯಾನ್ಲಿ ಟಕರ್ ಎಂಬ ವಿಮಾನ ಪೈಲಟ್ ಒಬ್ಬರಿಗೆ ತಪ್ಪಿ ಮಾರಿಬಿಟ್ಟಿದ್ದರು. ಹತ್ತು ಲಕ್ಷ ದಾಟಿದ ಖುಷಿಯ ಮಸ್ಟಾಂಗ್ ಒಂದನ್ನು ಕೊಟ್ಟು ಫೋರ್ಡ್ ಅದನ್ನು ವಾಪಸ್ ಪಡೆಯಿತು. ಈಗ ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ಮ್ಯೂಸಿಯಂನಲ್ಲಿದೆ.

ಇನ್ನೊಂದು ಸುಲಭದ ಪರೀಕ್ಷೆ ಚಕ್ರದಲ್ಲಿದೆ. ಆರು ಸಿಲಿಂಡರ್ ಕಾರಿನ ಚಕ್ರಕ್ಕೆ ನಾಲ್ಕು ಬೋಲ್ಟ್, ವಿ8ಗೆ ಐದು. ಬಾನೆಟ್ ಕೆಳಗೆ ವಿ8 ಗುಡುಗುತ್ತಿದ್ದು ಚಕ್ರದಲ್ಲಿ ನಾಲ್ಕೇ ಬೋಲ್ಟ್ ಇದ್ದರೆ, ಸಣ್ಣ ಇಂಜಿನ್ನಿನ ಬ್ರೇಕು, ಆಕ್ಸಲ್ ಎಲ್ಲ ಹಾಗೇ ಇವೆ ಎಂದರ್ಥ.

ಆಮೇಲೆ ಬಾಗಿಲು. ಬಾಗಿಲು ಮುಚ್ಚಿದಾಗ ಅದರ ಸುತ್ತಲಿನ ಸಂದು ಮೇಲೂ ಕೆಳಗೂ ಒಂದೇ ಅಗಲ ಇರಬೇಕು. ಹಿಂಬದಿಯ ಸಂದು ಮೇಲುಗಡೆ ಕಿರಿದಾಗಿ, ಕೆಳಗಡೆ ಅಗಲವಾಗಿದ್ದರೆ ಕಾರಿನ ನಡು ಕುಸಿದಿದೆ. ಮಳೆಗಾಲದಲ್ಲಿ ನೆನೆದ ಜೋಪಡಿಯ ತೊಲೆಯ ಹಾಗೆ ಮಧ್ಯದಲ್ಲಿ ಜೋತುಬಿದ್ದಿದೆ. ಇದು ಬಾಗಿಲ ಕೀಲಿನ ತೊಂದರೆ, ಸರಿಮಾಡಿದರೆ ಆಯಿತು ಎಂದು ನನಗೆ ಕಾರು ಮಾರಿದವರು ಹೇಳಿದ್ದರು. ನಾನೂ ನಂಬಿದ್ದೆ.

ಯಾಕೆ ಕುಸಿಯುತ್ತದೆ? ಒಂದು ಬೆಂಕಿಪೊಟ್ಟಣ ತೆಗೆದುಕೊಳ್ಳಿ. ಕಡ್ಡಿಗಳಿರುವ ಒಳಗಿನ ತಟ್ಟೆಯನ್ನು ಹೊರಗೆಳೆದು, ಎರಡು ತುದಿ ಹಿಡಿದು ತಿರುಚಿ. ಸಲೀಸಾಗಿ ತಿರುಚಿಕೊಳ್ಳುತ್ತದೆ. ಈಗ ಅದನ್ನು ಹೊರಪೊಟ್ಟಣದೊಳಗೆ ತಳ್ಳಿ ಮತ್ತೆ ತಿರುಚಿ. ಜಗ್ಗುವುದಿಲ್ಲ. ಈ ಮಸ್ಟಾಂಗ್‌ಗೆ ಲಾರಿಯ ಹಾಗೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಚಾಸಿಸ್. ತಗಡಿನ ಟಾಪಿನ ಕಾರಿನಲ್ಲಿ ನೆಲ, ಕಂಬ, ಚಾವಣಿ ಸೇರಿ ಮುಚ್ಚಿದ ಪೊಟ್ಟಣವಾಗುತ್ತದೆ. ಕನ್ವರ್ಟಿಬಲ್ ಬರೀ ತೆರೆದ ತಟ್ಟೆ. ಚಾವಣಿ ಹೊರಬೇಕಿದ್ದ ಹೊರೆಯೆಲ್ಲ ಬಾಗಿಲ ಕೆಳಗಿನ ಹೊಸ್ತಿಲ ಮೇಲೆ ಬೀಳುತ್ತದೆ. ಇದನ್ನು ಅಮೆರಿಕದವರು ರಾಕರ್ ಅನ್ನುತ್ತಾರೆ, ನಮ್ಮ ಗ್ಯಾರೇಜುಗಳಲ್ಲಿ ರನ್ನಿಂಗ್ ಬೋರ್ಡ್. ಅದಕ್ಕೇ ಫೋರ್ಡ್ ಕನ್ವರ್ಟಿಬಲ್‌ನ ಹೊಸ್ತಿಲ ಒಳಗೆ ದಪ್ಪ ಉಕ್ಕಿನ ಇನ್ನೊಂದು ಪದರ ಇಟ್ಟಿತು, ನೆಲದ ಕೆಳಗೆ ಬಲಕ್ಕೆ ಪಟ್ಟಿ ಕೂರಿಸಿತು, ಇಂಜಿನ್ ಹೊರುವ ಮುಂದಿನ ಉಕ್ಕಿನ ತೊಲೆ (ಇದಕ್ಕೆ ರೈಲು ಅನ್ನುತ್ತಾರೆ) ಮತ್ತು ಹೊಸ್ತಿಲು ಸೇರುವ ಮೂಲೆಯಲ್ಲಿ ಟಾರ್ಕ್ ಬಾಕ್ಸ್ ಎಂಬ ಉಕ್ಕಿನ ಡಬ್ಬಿ ಕಟ್ಟಿತು. ಆ ಹೆಚ್ಚಿನ ತೂಕ ಇದೇ.

ಈಗ ತುಕ್ಕಿನ ಕತೆ. ಇದರಲ್ಲಿ ಒಂದು ತಮಾಷೆ ಇದೆ. ಡೆಟ್ರಾಯಿಟ್ ನಗರದ ಕೆಳಗೆ, ಸುಮಾರು 350 ಮೀಟರ್ ಆಳದಲ್ಲಿ, ಉಪ್ಪಿನ ಗಣಿ ಇದೆ. ಅಲ್ಲಿಂದ ತೆಗೆದ ಉಪ್ಪನ್ನು ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಎರಚುತ್ತಾರೆ. ಗಣಿಯ ಸುರಂಗಗಳು ಡಿಯರ್‌ಬಾರ್ನ್ ಕಡೆಗೂ ಚಾಚಿವೆ. ಮೇಲೆ ಕಾರು ಹುಟ್ಟುತ್ತಿತ್ತು, ಕೆಳಗೆ ಅದನ್ನು ತಿನ್ನುವ ಉಪ್ಪು ಹುಟ್ಟುತ್ತಿತ್ತು. ಉಪ್ಪು ಬೆರೆತ ನೀರಿನಲ್ಲಿ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಆ ನೀರು ಹೊಸ್ತಿಲಿನಂಥ ಮುಚ್ಚಿದ ಡಬ್ಬಿಯೊಳಗೆ ಸೇರಿತೋ, ಒಣಗುವುದೇ ಇಲ್ಲ. ಹೊರಗೆ ಬಣ್ಣ ಫಳಫಳ, ಒಳಗೆ ಗೆದ್ದಲು ತಿಂದ ಮರ.

ಮೇಲಿನಿಂದ ಬರುವ ನೀರೂ ಇದೆ. ಮುಂದಿನ ಗಾಜಿನ ಬುಡದಲ್ಲಿ ಗಾಳಿ ಒಳಗೆ ಬರಲು ಸಣ್ಣ ಕಂಡಿಗಳಿರುತ್ತವೆ. ಅದಕ್ಕೆ ಕೌಲ್ ಅನ್ನುತ್ತಾರೆ. ಕೆಳಗೆ ಅಡಿಕೆ ದಂಬೆಯ ಹಾಗೆ ಅಡ್ಡಲಾಗಿ ಒಂದು ಕಾಲುವೆ. ಬಿದ್ದ ಮಳೆನೀರು ಅದರಲ್ಲಿ ಹರಿದು ಎರಡು ತುದಿಯಿಂದ ಕೆಳಗಿಳಿಯಬೇಕು. ಎಲೆ, ಕಸ ಕಟ್ಟಿಕೊಂಡರೆ ನೀರು ನಿಂತು ಗಾಳಿಗಿಂಡಿಯ ಬುಡ ತೂತಾಗುತ್ತದೆ. ಆಮೇಲೆ ಪ್ರತಿ ಮಳೆಗೂ ಕಾಲಿನ ಮೇಲೆ ತೊಟ್ಟಿಕ್ಕುತ್ತದೆ, ಕಾರ್ಪೆಟ್ ನೆನೆಯುತ್ತದೆ, ನೆಲ ಕೊಳೆಯುತ್ತದೆ. ಕಾರು ನೋಡಲು ಹೋದಾಗ ಒಂದು ಬಕೆಟ್ ನೀರು ಕೇಳಿ, ಈ ಕಂಡಿಗೆ ಸುರಿದು, ಡ್ಯಾಶ್ ಕೆಳಗೆ ಟಾರ್ಚ್ ಬಿಡಿ. ನೀರು ಒಳಗೆ ಬಂದರೆ ಬೆಲೆ ಇಳಿಸಿ ಕೇಳಬಹುದು. ಇದನ್ನು ಸರಿಮಾಡಲು ಮೇಲಿನ ತಗಡಿನ ಸ್ಪಾಟ್ ವೆಲ್ಡ್‌ಗಳನ್ನೆಲ್ಲ, ಅಂದರೆ ಚುಕ್ಕೆ ಬೆಸುಗೆಗಳನ್ನೆಲ್ಲ, ಕೊರೆದು ಬಿಚ್ಚಬೇಕು. ಬೇಜಾರಿನ ಕೆಲಸವೇ. ಹಾಗಂತ ಇದನ್ನು ಬಿಟ್ಟು ನೆಲ ಮಾತ್ರ ಬದಲಾಯಿಸಿದರೆ, ಹೊಸ ನೆಲವೂ ಅದೇ ದಾರಿ ಹಿಡಿಯುತ್ತದೆ.

ಕತ್ತರಿಸುವ ಕೆಲಸಕ್ಕೆ ಬರೋಣ. ಇಲ್ಲಿ ನಿಧಾನವಾಗಿ ಓದಿ, ಯಾಕೆಂದರೆ ನಾನು ಇಲ್ಲೇ ಎಡವಿದ್ದು. ನನ್ನ ಕಾರಿನ ನೆಲದ ಮೇಲೆ ಯಾರೋ ಹಿಂದೆ ತಗಡಿನ ತೇಪೆ ಹಾಕಿ, ರಿವೆಟ್ ಹೊಡೆದು, ಮೇಲೆ ಡಾಂಬರು ಬಳಿದಿದ್ದರು. ಅದನ್ನು ಕೆರೆದಾಗ ಕೆಳಗಿನ ಸಿಮೆಂಟ್ ನೆಲ ಕಂಡಿತು. ಉತ್ಸಾಹದಲ್ಲಿ ಕಾರಿನ ಎರಡು ತುದಿಗೆ ಸ್ಟ್ಯಾಂಡ್ ಕೊಟ್ಟು, ಬಾಗಿಲು ಬಿಚ್ಚಿಟ್ಟು, ಬಲಗಡೆಯ ಹೊಸ್ತಿಲು ಕತ್ತರಿಸಿ ತೆಗೆದೆ. ಸಂಜೆ ಬಾಗಿಲು ಹಿಡಿದು ನೋಡಿದರೆ ಕೂರುತ್ತಲೇ ಇಲ್ಲ. ನಡು ಇನ್ನೂ ಒಂದು ಬೆರಳಿನಷ್ಟು ಇಳಿದಿತ್ತು. ಹಾಗೇ ಬೆಸುಗೆ ಹಾಕಿದ್ದರೆ ಆ ಗೂನು ಶಾಶ್ವತವಾಗುತ್ತಿತ್ತು.

ಸರಿಯಾದ ಕ್ರಮ ಹೀಗಿದೆ. ಮೊದಲು ಇಂಜಿನ್, ಗೇರ್‌ಬಾಕ್ಸ್ ಇಳಿಸಿ ಮುಂದಿನ ಭಾರ ಕಡಿಮೆ ಮಾಡಿ. ಕಾರನ್ನು ಸಮತಟ್ಟಾದ ನೆಲದ ಮೇಲೆ, ಗಟ್ಟಿ ಇರುವ ನಾಲ್ಕೈದು ಕಡೆ ಆನಿಕೆ ಕೊಟ್ಟು, ನೀರುಮಟ್ಟ ನೋಡಿ ನಿಲ್ಲಿಸಿ. ಬಾಗಿಲುಗಳು ಜಾಗದಲ್ಲೇ ಇರಲಿ, ಅವೇ ನಿಮ್ಮ ಅಳತೆಗೋಲು. ನಡು ಕುಸಿದಿದ್ದರೆ ಜಾಕ್ ಕೊಟ್ಟು ಕೂದಲೆಳೆಯಷ್ಟೇ ಎತ್ತುತ್ತಾ, ಬಾಗಿಲ ಸಂದು ಸಮ ಆಗುವವರೆಗೆ ತನ್ನಿ. ಫೋರ್ಡ್ ವರ್ಕ್‌ಶಾಪ್ ಪುಸ್ತಕದಲ್ಲಿ ಕೆಳಗಿನ ರೈಲುಗಳ ಮೂಲೆಯಿಂದ ಮೂಲೆಗೆ ಎಷ್ಟು ಅಳತೆ ಇರಬೇಕು ಎಂದು ಕೊಟ್ಟಿದ್ದಾರೆ. ಟೇಪು ಹಿಡಿದು ಎರಡೂ ಅಡ್ಡ ಕರ್ಣಗಳನ್ನು ಅಳೆಯಿರಿ. ಎಲ್ಲ ಸರಿ ಬಂದಮೇಲೆ, ಮುಂದಿನ ಗಾಜಿನ ಕಂಬದಿಂದ ಬಾಗಿಲ ಹಿಂದಿನ ಕಂಬದವರೆಗೆ ಚೌಕ ಪೈಪು ಇಟ್ಟು ಬೆಸುಗೆ ಹಾಕಿ. ಎಡಗಡೆಯಿಂದ ಬಲಗಡೆಗೂ ಒಂದು ಅಡ್ಡ ಪೈಪು. ಇದು ಕೈಮುರಿದಾಗ ಹಾಕುವ ದಬ್ಬೆ ಕಟ್ಟಿನ ಹಾಗೆ. ದಬ್ಬೆ ಬಿಗಿದ ಮೇಲೆಯೇ ಕತ್ತರಿ. ಅದೂ ಒಂದು ಬದಿಯ ಹೊಸ್ತಿಲು ಪೂರ್ತಿ ಮುಗಿಯುವ ತನಕ ಇನ್ನೊಂದು ಬದಿ ಮುಟ್ಟಬಾರದು.

ಬೆಸುಗೆಗೆ ತಂತಿ ತಾನೇ ಹೊರಬರುವ ಮಿಗ್ ವೆಲ್ಡರ್ ಸಾಕು, ತೆಳುವಾದ 0.6 ಮಿ.ಮೀ. ತಂತಿ ಹಾಕಿ. ನೆಲದ ತಗಡು ಹೆಚ್ಚೂಕಡಿಮೆ ಒಂದು ಮಿ.ಮೀ. ದಪ್ಪ. ಉದ್ದಕ್ಕೆ ಒಂದೇ ಸಮನೆ ಬೆಸೆಯುತ್ತಾ ಹೋದರೆ ಕಾದು ಹಪ್ಪಳದ ಹಾಗೆ ಏಳುತ್ತದೆ. ಅಲ್ಲೊಂದು ಚುಕ್ಕೆ, ದೂರದಲ್ಲಿ ಇನ್ನೊಂದು ಚುಕ್ಕೆ, ತಣ್ಣಗಾದ ಮೇಲೆ ನಡುವೆ ಮತ್ತೊಂದು. ಕಾರ್ಖಾನೆಯಲ್ಲಿ ಸ್ಪಾಟ್ ವೆಲ್ಡ್ ಇದ್ದ ಕಡೆ, ಮೇಲಿನ ತಗಡಿಗೆ 8 ಮಿ.ಮೀ. ತೂತು ಕೊರೆದು, ಎರಡೂ ತಗಡನ್ನು ಬಿಗಿಯಾಗಿ ಹಿಡಿಸಿ, ಆ ತೂತನ್ನು ಬೆಸುಗೆಯಿಂದ ತುಂಬಬೇಕು. ಮುಚ್ಚಿಹೋಗುವ ಒಳಮೈಗೆ ಮೊದಲೇ ವೆಲ್ಡಿಂಗಿನ ಬಿಸಿ ತಾಳುವ ಪ್ರೈಮರ್ (ಬಣ್ಣದ ಮೊದಲ ಪದರ) ಬಳಿಯಿರಿ, ಕೊನೆಯಲ್ಲಿ ಹೊಸ್ತಿಲೊಳಗೆ ಮೇಣದಂಥ ತುಕ್ಕುನಿರೋಧಕ ಸಿಂಪಡಿಸಿ.

ಒಂದು ಎಚ್ಚರಿಕೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬ್ರೇಕ್ ಭಾಗ ತೊಳೆಯುವ ಕ್ಲೋರಿನ್ ಇರುವ ಸ್ಪ್ರೇಯಿಂದ ತಗಡು ಒರೆಸಿ, ಅದು ಆರುವ ಮೊದಲೇ ಬೆಸುಗೆ ಹಾಕಿದರೆ ಫಾಸ್ಜೀನ್ ಎಂಬ ವಿಷಗಾಳಿ ಹುಟ್ಟುತ್ತದೆ. ಜೀವಕ್ಕೇ ಕುತ್ತು. ಹಳೆಯ ಬ್ರೇಕ್ ಶೂಗಳ ಪುಡಿಯಲ್ಲಿ ಕಲ್ನಾರು ಇರಬಹುದು, ಕಂಪ್ರೆಸರ್ ಗಾಳಿ ಹೊಡೆದು ಅದನ್ನು ಹಾರಿಸಬೇಡಿ, ಒದ್ದೆ ಮಾಡಿ ಒರೆಸಿ.

ಬಣ್ಣದ ವಿಷಯ ನಾನು ಬೇಗ ಮುಗಿಸುತ್ತೇನೆ. ಪ್ರೈಮರ್‌ವರೆಗೆ ಮನೆಯಲ್ಲಿ ಮಾಡಿ, ಮೇಲಿನ ಬಣ್ಣಕ್ಕೆ ಪೇಂಟ್ ಬೂತ್ ಇರುವವರ ಹತ್ತಿರ ಕಳಿಸಿ. ಗಟ್ಟಿಕಾರಕ ಬೆರೆಸುವ ಇಂದಿನ ಬಣ್ಣಗಳಲ್ಲಿ ಐಸೋಸಯನೇಟ್ ಇರುತ್ತದೆ. ಹೊರಗಿನಿಂದ ಗಾಳಿ ಕೊಡುವ ಮುಖವಾಡ ಇಲ್ಲದೆ ಅದನ್ನು ಸಿಂಪಡಿಸುವುದು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ದುಡ್ಡು ಉಳಿಸಲು ಬೇರೆ ಜಾಗಗಳಿವೆ.

ಬಾಡಿ ಗಟ್ಟಿಯಾದ ಮೇಲೆ ಸುಧಾರಣೆಯ ಆಸೆ ಶುರುವಾಗುತ್ತದೆ. ಎಲ್ಲರ ಕಣ್ಣು ಇಂಜಿನ್ ಮೇಲೆ. ನನ್ನ ಅಭಿಪ್ರಾಯ ಕೇಳಿದರೆ ಮೊದಲು ನಿಲ್ಲುವುದು, ಆಮೇಲೆ ತಿರುಗುವುದು, ಕೊನೆಗೆ ಓಡುವುದು.

1965ರ ಮಸ್ಟಾಂಗ್‌ನ ಬ್ರೇಕಿಗೆ ಒಂದೇ ಕೊಠಡಿಯ ಮಾಸ್ಟರ್ ಸಿಲಿಂಡರ್. ನಾಲ್ಕೂ ಚಕ್ರಕ್ಕೆ ಎಣ್ಣೆ ಹೋಗುವುದು ಅಲ್ಲಿಂದಲೇ. ಎಲ್ಲೋ ಒಂದು ಪೈಪು ಒಡೆದರೂ ಪೆಡಲ್ ನೆಲಕ್ಕೆ ತಾಗುತ್ತದೆ, ನಾಲ್ಕೂ ಬ್ರೇಕು ಹೋದಂತೆ. 1967ರಲ್ಲಿ ಎರಡು ಕೊಠಡಿಯದ್ದು ಬಂತು: ಮುಂದಿನ ಚಕ್ರಗಳಿಗೆ ಒಂದು, ಹಿಂದಿನದಕ್ಕೆ ಇನ್ನೊಂದು. ಏನೂ ಬದಲಾಯಿಸುವುದಿಲ್ಲ, ಎಲ್ಲ ಹಳೆಯದೇ ಇರಲಿ ಅನ್ನುವವರು ಕೂಡ ಇದೊಂದನ್ನು ಹಾಕಿಸಬೇಕು.

ಮುಂದಿನ ಚಕ್ರಗಳಿಗೆ ಡ್ರಮ್ ಬ್ರೇಕಿನ ಬದಲು ಡಿಸ್ಕ್ ಬ್ರೇಕ್ ಹಾಕುವುದು ಎರಡನೇ ಹೆಜ್ಜೆ. ಡ್ರಮ್ ಕಾದಾಗ ಹಿಗ್ಗಿ, ಒಳಗಿನಿಂದ ಒತ್ತುವ ಶೂನಿಂದ ದೂರ ಸರಿಯುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಾ ಹೋದಂತೆ ಪೆಡಲ್ ಆಳಕ್ಕೆ ಇಳಿಯುವುದು ಅದಕ್ಕೇ. ಡಿಸ್ಕ್ ಕಾದರೆ ದಪ್ಪವಾಗಿ ಪ್ಯಾಡಿನ ಕಡೆಗೇ ಬರುತ್ತದೆ, ಗಾಳಿಗೂ ತೆರೆದಿರುತ್ತದೆ. ಆದರೆ ಡಿಸ್ಕ್ ಕೊಂಡು ತಂದು ಸಿಕ್ಕಿಸಿದರೆ ಮುಗಿಯಲಿಲ್ಲ. ಡ್ರಮ್ಮಿನ ಮಾಸ್ಟರ್ ಸಿಲಿಂಡರ್ ಪೈಪಿನಲ್ಲಿ ಸ್ವಲ್ಪ ಒತ್ತಡ ಉಳಿಸಿಕೊಳ್ಳುವ ವಾಲ್ವ್ ಇಟ್ಟುಕೊಂಡಿರುತ್ತದೆ. ಅದನ್ನೇ ಡಿಸ್ಕಿಗೆ ಜೋಡಿಸಿದರೆ ಪ್ಯಾಡು ಸದಾ ಉಜ್ಜುತ್ತಲೇ ಇರುತ್ತದೆ. ಇನ್ನು ಹಿಂದಿನ ಡ್ರಮ್ಮಿಗೆ ಹೋಗುವ ಒತ್ತಡ ತಗ್ಗಿಸಲು ಒಂದು ಪ್ರಪೋರ್ಷನಿಂಗ್ ವಾಲ್ವ್ ಬೇಕು. ಜೋರಾಗಿ ಬ್ರೇಕ್ ಹಿಡಿದಾಗ ಕಾರಿನ ಭಾರ ಮುಂದಕ್ಕೆ ವಾಲುತ್ತದೆ. ಹಗುರಾದ ಹಿಂದಿನ ಚಕ್ರ ಮೊದಲು ಜಾಮ್ ಆದರೆ ಕಾರು ಬುಗುರಿಯಾಗುತ್ತದೆ. ಇನ್ನೊಂದು ಸಣ್ಣ ಸಂಗತಿ: ಹಳೆಯ 14 ಇಂಚಿನ ರಿಮ್, ಪ್ಯಾಡು ಹಿಡಿಯುವ ಕ್ಯಾಲಿಪರ್‌ಗಳಲ್ಲಿ ಕೆಲವಕ್ಕೆ ತಾಗುತ್ತದೆ. ಕಿಟ್ ಕೊಳ್ಳುವ ಮೊದಲೇ ಕೇಳಿಕೊಳ್ಳಿ. ಪೈಪುಗಳಿಗೆ ತಾಮ್ರ–ನಿಕಲ್ ಮಿಶ್ರಣದ್ದು ಒಳ್ಳೆಯದು, ಕೈಯಲ್ಲೇ ಬಗ್ಗುತ್ತದೆ, ತುಕ್ಕು ಹಿಡಿಯುವುದಿಲ್ಲ.

ಬ್ರೇಕಿನ ಜೊತೆಗೇ ಹೇಳಬೇಕಾದ ಎರಡು ಮಾತು. ಈ ಕಾರಿನ ಸ್ಟೇರಿಂಗ್ ರಾಡು ಒಂದೇ ಉದ್ದನೆಯ ಉಕ್ಕಿನ ಸರಳು, ಮುಂದಿನಿಂದ ಗುದ್ದಿದರೆ ನೇರ ಎದೆಗೆ ಬರುವಂಥದ್ದು. ಗುದ್ದಿದಾಗ ಮಡಚಿಕೊಳ್ಳುವ ರಾಡು ಫೋರ್ಡ್ ಕೊಟ್ಟದ್ದು ಆಮೇಲೆ. ಈಗ ಅಂಥದ್ದನ್ನು ಬೇರೆಯಾಗಿ ಮಾರುತ್ತಾರೆ. ಎರಡನೆಯದು, ಪೆಟ್ರೋಲ್ ಟ್ಯಾಂಕಿನ ಮೇಲ್ಮೈಯೇ ಡಿಕ್ಕಿಯ ನೆಲ. ಟ್ಯಾಂಕಿಗೂ ನಿಮಗೂ ನಡುವೆ ಹಿಂದಿನ ಸೀಟು ಮತ್ತು ರಟ್ಟಿನ ಹಾಳೆ, ಅಷ್ಟೇ. ಸೀಟಿನ ಹಿಂದೆ ಉಕ್ಕಿನ ತಗಡು ಕೂರಿಸುವುದು ಕಷ್ಟದ ಕೆಲಸ ಅಲ್ಲ. ನಾನು ಮಕ್ಕಳನ್ನು ಹಿಂದೆ ಕೂರಿಸಿದ್ದು ಅದನ್ನು ಹಾಕಿದ ಮೇಲೆಯೇ.

ತಿರುವಿನ ವಿಷಯದಲ್ಲಿ ಒಂದು ಅಗ್ಗದ ಚಮತ್ಕಾರ ಇದೆ. ಫೋರ್ಡ್‌ನ ಇಂಜಿನಿಯರ್ ಕ್ಲಾಸ್ ಆರ್ನಿಂಗ್ ಲೆಕ್ಕ ಹಾಕಿ ಹೇಳಿದ್ದು: ಮುಂದಿನ ಚಕ್ರವನ್ನು ಹಿಡಿದಿರುವ ತೋಳುಗಳಲ್ಲಿ ಮೇಲಿನದನ್ನು ಕೂರಿಸಿರುವ ಎರಡು ತೂತುಗಳನ್ನು ಸುಮಾರು ಒಂದು ಇಂಚು ಕೆಳಗೆ ಹೊಸದಾಗಿ ಕೊರೆಯಿರಿ. ರೇಸ್ ಕಾರು ಕಟ್ಟುತ್ತಿದ್ದ ಕ್ಯಾರೊಲ್ ಶೆಲ್ಬಿ, ಮಸ್ಟಾಂಗನ್ನೇ ಮಾರ್ಪಡಿಸಿ ಮಾಡಿದ 1965ರ ಜಿಟಿ350 ಕಾರುಗಳಲ್ಲಿ ಇದನ್ನೇ ಮಾಡಿದರು. ತಿರುವಿನಲ್ಲಿ ಕಾರು ವಾಲಿದಾಗ ಹೊರಗಿನ ಚಕ್ರದ ತಲೆ ಆಚೆಗೆ ಬಾಗಿ, ಟೈರಿನ ಅಂಚು ಮಾತ್ರ ರಸ್ತೆ ಕಚ್ಚುತ್ತಿತ್ತು. ತೂತು ಇಳಿಸಿದ ಮೇಲೆ ಚಕ್ರ ನೆಟ್ಟಗೆ ನಿಲ್ಲುತ್ತದೆ. ಖರ್ಚು ಅಂದರೆ ಡ್ರಿಲ್ಲಿನ ಕರೆಂಟು ಮತ್ತು ಆಮೇಲೊಂದು ವೀಲ್ ಅಲೈನ್‌ಮೆಂಟ್. ತೋಳು ಬಿಚ್ಚುವಾಗ ಮಾತ್ರ ಹುಷಾರು. ಅದರ ಮೇಲೆ ಕೂತಿರುವ ಸ್ಪ್ರಿಂಗ್ ಒತ್ತಿಹಿಡಿದ ಸ್ಥಿತಿಯಲ್ಲಿರುತ್ತದೆ. ಸ್ಪ್ರಿಂಗನ್ನು ಒತ್ತಿ ಹಿಡಿಯುವ ಸರಿಯಾದ ಉಪಕರಣ ಬಾಡಿಗೆಗೆ ಸಿಗುತ್ತದೆ, ಹಗ್ಗ–ಸರಪಳಿ ಕಟ್ಟಿ ಸಾಹಸ ಮಾಡಬೇಡಿ.

ಕನ್ವರ್ಟಿಬಲ್‌ನಲ್ಲಿ ಸ್ಪ್ರಿಂಗ್ ಜಾಸ್ತಿ ಗಟ್ಟಿ ಮಾಡಲು ಹೋಗಬಾರದು. ಬಾಡಿಗಿಂತ ಸ್ಪ್ರಿಂಗ್ ಬಿಗಿಯಾದರೆ ಗುಂಡಿಗೆ ಬಿದ್ದಾಗ ಬಗ್ಗುವುದು ಬಾಡಿ. ಮೊದಲು ಮುಂದಿನ ಎರಡು ಸ್ಪ್ರಿಂಗ್ ಗೋಪುರಗಳನ್ನು ಇಂಜಿನ್ ಹಿಂದಿನ ಗೋಡೆಗೆ ಕಟ್ಟುವ ಎಕ್ಸ್‌ಪೋರ್ಟ್ ಬ್ರೇಸ್ ಹಾಕಿ. ಹೊರದೇಶದ ಒರಟು ರಸ್ತೆಗಳಿಗೆ ಕಳಿಸುವ ಕಾರಿಗೆ ಫೋರ್ಡ್ ಹಾಕುತ್ತಿದ್ದ ಭಾಗ ಅದು, ಹೆಸರು ಬಂದದ್ದೂ ಹಾಗೇ. ಜೊತೆಗೆ ಗೋಪುರದಿಂದ ಗೋಪುರಕ್ಕೆ ಒಂದು ಅಡ್ಡ ಸರಳು.

ಈಗ ಇಂಜಿನ್. 289 ಘನ ಇಂಚು ಅಂದರೆ 4.7 ಲೀಟರ್. 200 ಕುದುರೆಶಕ್ತಿ ಅನ್ನುವ ಹಳೆಯ ಸಂಖ್ಯೆ ಕೇಳಿ ಮರುಳಾಗಬೇಡಿ. ಆಗ ಇಂಜಿನ್ನನ್ನು ಬೆಂಚಿನ ಮೇಲೆ ಒಂಟಿಯಾಗಿ, ಆಲ್ಟರ್ನೇಟರು, ಕಾರಿನ ಸೈಲೆನ್ಸರು ಯಾವ ಹೊರೆಯೂ ಇಲ್ಲದೆ ಓಡಿಸಿ ಅಳೆಯುತ್ತಿದ್ದರು. 1972ರ ಹೊತ್ತಿಗೆ ಎಲ್ಲ ಜೋಡಿಸಿ ಅಳೆಯುವ ಪದ್ಧತಿ ಬಂದು, ಕಾಗದದ ಮೇಲಿನ ಸಂಖ್ಯೆಗಳು ದಿಢೀರ್ ಇಳಿದವು. ಇಂದಿನ ಒಂದು ಸಾಧಾರಣ ಫ್ಯಾಮಿಲಿ ಕಾರು ಈ ಮಸ್ಟಾಂಗನ್ನು ಹಿಂದೆ ಹಾಕಬಹುದು. ಸದ್ದಿನಲ್ಲಿ ಮಾತ್ರ ಸಾಧ್ಯವಿಲ್ಲ.

ಇಂಜಿನ್ ಸವೆದು ಬೋರಿಗೆ ಬಂದಿದ್ದರೆ ಲೇತ್ ಕೆಲಸದವರ ಹತ್ತಿರ ಕೊಡಲೇಬೇಕು. ಹೆಡ್ ಬಿಚ್ಚಿದಾಗ ವಾಲ್ವ್ ಕೂರುವ ಜಾಗಕ್ಕೆ ಗಟ್ಟಿ ಉಕ್ಕಿನ ಬಳೆ ಹಾಕಿಸಿ. ಹಿಂದೆ ಪೆಟ್ರೋಲಿನಲ್ಲಿದ್ದ ಸೀಸ ಆ ಜಾಗವನ್ನು ಕಾಯುತ್ತಿತ್ತು. 1996ರ ಆರಂಭದಿಂದ ಅಮೆರಿಕದ ರಸ್ತೆ ವಾಹನಗಳಿಗೆ ಸೀಸದ ಪೆಟ್ರೋಲ್ ನಿಷೇಧ. ಈಗಿನ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ನೂರಕ್ಕೆ 10 ಭಾಗ ಎಥನಾಲ್, ಅದು ಹಳೆಯ ರಬ್ಬರ್ ಪೈಪನ್ನು ಮೆತ್ತಗೆ ಮಾಡುತ್ತದೆ. ಎಲ್ಲ ಪೈಪು ಹೊಸದು ಹಾಕಿ. ವಾಲ್ವ್‌ಗಳನ್ನು ತೆರೆಯುವ ಕ್ಯಾಮ್ ಹೊಸದು ಕೂರಿಸಿದರೆ, ಸತು ಇರುವ ಎಣ್ಣೆ ಹಾಕಿ, ಮೊದಲ ಸಲ ಸ್ಟಾರ್ಟ್ ಆದ ಕೂಡಲೇ ಐಡಲಿಂಗ್‌ನಲ್ಲಿ ಬಿಡದೆ, ಸುಮಾರು 2,000 ಆರ್‌ಪಿಎಂನಲ್ಲಿ 20 ನಿಮಿಷ ಓಡಿಸಬೇಕು. ಕ್ಯಾಮಿಗೆ ಎಣ್ಣೆ ಸಿಗುವುದು ಮುಖ್ಯವಾಗಿ ಸಿಡಿತದಿಂದ. ನಿಧಾನಕ್ಕೆ ತಿರುಗಿದರೆ ಸಿಡಿತ ಸಾಲದೆ ಹೊಸ ಕ್ಯಾಮು ಅವತ್ತೇ ಸವೆಯುತ್ತದೆ.

80ರ ದಶಕದ ಮಸ್ಟಾಂಗ್‌ನ 5.0 ಲೀಟರಿನ ಇಂಜಿನ್ ಹಾಕುವವರೂ ಬಹಳ. ಇದೇ ಕುಟುಂಬದ ಇಂಜಿನ್, ಜಾಗದಲ್ಲಿ ಸರಿಯಾಗಿ ಕೂರುತ್ತದೆ. ಅಲ್ಲೊಂದು ಬಲೆ ಇದೆ. ಹಳೆಯ 289ರ ಫ್ಲೈವೀಲ್‌ಗೆ (ಇಂಜಿನ್ ಹಿಂಬದಿಯ ಭಾರದ ಚಕ್ರ) ಬ್ಯಾಲೆನ್ಸ್ ತೂಕ 28 ಔನ್ಸ್ ಲೆಕ್ಕದ್ದು, ಹೊಸ 5.0ಗೆ 50 ಔನ್ಸ್. ‘ಎರಡೂ ಕೂರುತ್ತವಲ್ಲ’ ಎಂದು ಹಳೆಯ ಫ್ಲೈವೀಲನ್ನು ಹೊಸ ಇಂಜಿನ್ನಿಗೆ ಹಾಕಿದರೆ ಇಡೀ ಕಾರು ಹಿಟ್ಟಿನ ಗಿರಣಿಯ ಹಾಗೆ ಅದುರುತ್ತದೆ, ಬೇರಿಂಗು ಉಳಿಯುವುದಿಲ್ಲ.

ನಿಜವಾಗಿ ಕಾರಿನ ಸ್ವಭಾವ ಬದಲಿಸುವುದು ಗೇರ್‌ಬಾಕ್ಸ್. ಹಳೆಯದರಲ್ಲಿ ಕೊನೆಯ ಗೇರು ಅಂದರೆ ಇಂಜಿನ್ ಒಂದು ಸುತ್ತಿಗೆ ಗೇರ್‌ಬಾಕ್ಸಿನಿಂದಲೂ ಒಂದು ಸುತ್ತು. ಟಿ-5 ಎಂಬ ಐದು ಗೇರಿನ ಪೆಟ್ಟಿಗೆ ಹಾಕಿದರೆ, ಮಸ್ಟಾಂಗ್ ಜಿಟಿಯಲ್ಲಿ ಬರುತ್ತಿದ್ದದ್ದರ ಐದನೇ ಗೇರು 0.68, ಅಂದರೆ ಇಂಜಿನ್ 0.68 ಸುತ್ತು ಹೊಡೆದರೆ ಗೇರ್‌ಬಾಕ್ಸಿನಿಂದ ಒಂದು ಸುತ್ತು. ಗಂಟೆಗೆ 110 ಕಿ.ಮೀ.ನಲ್ಲಿ 2,700 ಸುತ್ತು ಹೊಡೆಯುತ್ತಿದ್ದ ಇಂಜಿನ್ 1,850ರ ಆಸುಪಾಸಿಗೆ ಇಳಿಯುತ್ತದೆ. ಟಾಪ್ ಇಳಿಸಿ ಹೈವೇಯಲ್ಲಿ ಹೋಗುವಾಗ ಪಕ್ಕದವರ ಮಾತು ಕೇಳಿಸುತ್ತದೆ. 1964ರ ಆಗಸ್ಟ್‌ಗೆ ಮೊದಲಿನ ಇಂಜಿನ್‌ಗಳಲ್ಲಿ ಗೇರ್‌ಬಾಕ್ಸ್ ಹಿಡಿಯಲು ಐದೇ ಬೋಲ್ಟ್, ಆಮೇಲಿನದಕ್ಕೆ ಆರು. ಟಿ-5ಗೆ ಸಿಗುವ ಸಾಮಾನ್ಯ ಬೆಲ್‌ಹೌಸಿಂಗ್ (ಇಂಜಿನ್ನಿಗೆ ಗೇರ್‌ಬಾಕ್ಸ್ ಸೇರಿಸುವ ಕವಚ) ಆರು ಬೋಲ್ಟಿನದ್ದು. ಕೊಳ್ಳುವ ಮೊದಲು ಕಾರಿನ ಕೆಳಗೆ ಮಲಗಿ ಎಣಿಸಿ.

ವೈರಿಂಗ್ ಪೂರ್ತಿ ಹೊಸದು ಹಾಕುವುದೇ ವಾಸಿ. ಸಿಪ್ಪೆ ಸುಲಿದ ವೈರಿನಿಂದ ಇಂಥ ಹಳೆಯ ಕಾರುಗಳಿಗೆ ಬೆಂಕಿ ಬೀಳಬಹುದು. ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕುವವರು ಡ್ಯಾಶ್ ಒಳಗಿನ ಗುಲಾಬಿ ಬಣ್ಣದ ವೈರನ್ನು ಮರೆಯಬಾರದು. ಅದು ವೈರಿನ ವೇಷದ ರೆಸಿಸ್ಟರ್, ಹಳೆಯ ಇಗ್ನಿಷನ್ನಿನ ಪಾಯಿಂಟ್ ಸುಡದಿರಲಿ ಎಂದು, ಕಿಡಿ ಹುಟ್ಟಿಸುವ ಕಾಯಿಲ್‌ಗೆ ಹೋಗುವ ವೋಲ್ಟ್ ಇಳಿಸುತ್ತದೆ. ಹೊಸ ಇಗ್ನಿಷನ್ ಮಾಡ್ಯೂಲ್‌ಗೆ ಪೂರ್ತಿ 12 ವೋಲ್ಟ್ ಬೇಕಾದರೆ ಬೇರೆ ವೈರು ಎಳೆಯಬೇಕು. ಇದು ತಿಳಿಯದೆ ಕಾರ್ಬುರೇಟರನ್ನು ಮೂರು ಸಲ ಬಿಚ್ಚಿದವರು ಇದ್ದಾರೆ. ಅವರಲ್ಲೊಬ್ಬರ ಗುರುತು ನನಗೆ ಚೆನ್ನಾಗಿದೆ.

ಕೊನೆಗೆ ಬಟ್ಟೆ. ನಮ್ಮೂರ ಜೀಪಿನವರಿಗೆ ಹುಡ್ ಅಂದರೆ ತಲೆ ಮೇಲಿನ ಬಟ್ಟೆ, ಇಲ್ಲಿಯವರಿಗೆ ಹುಡ್ ಅಂದರೆ ಬಾನೆಟ್. ಫೋನಿನಲ್ಲಿ ಬಿಡಿಭಾಗ ಹೇಳುವಾಗ ಎಡವಟ್ಟಾಗುತ್ತದೆ. ಟಾಪ್ ಹೊದಿಸುವುದು ಟೈಲರ್ ಕೆಲಸಕ್ಕಿಂತ ಡೇರೆ ಕಟ್ಟುವ ಕೆಲಸಕ್ಕೆ ಹತ್ತಿರ. ಮೊದಲು ಬಾಗಿಲು, ಕಿಟಕಿಗಾಜು ಎಲ್ಲ ಜಾಗದಲ್ಲಿ ಕೂತಿರಬೇಕು. ಆಮೇಲೆ ಬಟ್ಟೆ ಇಲ್ಲದ ಬರೀ ಚೌಕಟ್ಟನ್ನು ಏರಿಸಿ ಇಳಿಸಿ, ಗಾಜಿಗೆ ಸರಿಯಾಗಿ ತಾಗುವಂತೆ ಹೊಂದಿಸಬೇಕು. ಹಿಂದಿನ ಸೀಟಿನ ಹಿಂದಿರುವ ಪಂಪು, ಎರಡು ಬದಿಯ ಹೈಡ್ರಾಲಿಕ್ ಸಿಲಿಂಡರು ಸೋರುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಆಮೇಲೆ ಎರಡು ಬದಿಯ ಪ್ಯಾಡು, ನಂತರ ಹಿಂದಿನ ಕಿಟಕಿಯ ಪರದೆ, ಅದರ ಮೇಲೆ ಮುಖ್ಯ ಬಟ್ಟೆ. ಹಿಂದುಗಡೆ ಪಿನ್ನು ಹೊಡೆದು, ಮುಂದಕ್ಕೆ ಎಳೆದು, ಗಾಜಿನ ಮೇಲಿನ ಅಡ್ಡಪಟ್ಟಿಗೆ ಅಂಟಿಸಬೇಕು. ವಿನೈಲ್ ಬಿಸಿಲಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಜುಲೈ ತಿಂಗಳ ಬಿಸಿಲಿನಲ್ಲಿ ಒಂದು ಗಂಟೆ ಹರವಿಟ್ಟು ಆಮೇಲೆ ಎಳೆಯಿರಿ. ಚಳಿಯಲ್ಲಿ ಮಾಡಿದರೆ ಬೇಸಿಗೆಯಲ್ಲಿ ಸುಕ್ಕು ಬೀಳುತ್ತದೆ. ಹೆಚ್ಚುವರಿ ಬಟ್ಟೆಯನ್ನು ಒಂದು ದಿನ ಬಿಟ್ಟು, ಎರಡು ಸಲ ನೋಡಿ ಕತ್ತರಿಸಿ. ನಾನೂ ನನ್ನ ಹೆಂಡತಿಯೂ ಆ ಬಟ್ಟೆಯ ಎರಡು ತುದಿ ಹಿಡಿದು ಎಳೆದದ್ದನ್ನು ಬೀದಿಯ ಜನ ನಿಂತು ನೋಡಿದರು.

ಮೊದಲ 800 ಕಿ.ಮೀ. ಓಡಿದ ಮೇಲೆ ಎಲ್ಲ ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿ ಮಾಡಬೇಕು, ಬ್ರೇಕ್ ಪೈಪಿನ ಪ್ರತಿ ಜೋಡಣೆಯ ಮೇಲೂ ಬೆರಳಾಡಿಸಿ ಒದ್ದೆ ಇದೆಯಾ ನೋಡಬೇಕು. ಆಮೇಲೆ ಒಂದು ಬದಿಯ ಹಿಂದಿನ ಮೂಲೆಗೆ ಜಾಕ್ ಕೊಟ್ಟು, ಚಕ್ರ ಗಾಳಿಯಲ್ಲಿರುವಾಗಲೇ ಆ ಕಡೆಯ ಬಾಗಿಲು ತೆರೆದು ಮುಚ್ಚಿ ನೋಡಿ, ಬಾಡಿ ಬಗ್ಗುತ್ತಿದೆಯಾ ಎಂದು ತಿಳಿಯುತ್ತದೆ. ನನ್ನದರಲ್ಲಿ ಎಡ ಬಾಗಿಲು ಒಂದೇ ಬೆರಳಿಗೆ ಮುಚ್ಚುತ್ತದೆ. ಬಲ ಬಾಗಿಲು, ಅವತ್ತು ದಬ್ಬೆ ಕಟ್ಟದೆ ಕತ್ತರಿಸಿದ ಬದಿ, ಇವತ್ತಿಗೂ ಸ್ವಲ್ಪ ಭುಜ ಕೊಟ್ಟರೇ ಮುಚ್ಚುವುದು.